ಗಂಡ ಕೆನಡಾದಲ್ಲಿ, ನೀವು ಕೊಡಗಿನಲ್ಲಿ: ಸ್ಪಾನ್ಸರ್‌ಶಿಪ್ ಫೈಲ್ ಹೀಗೆ ಕಟ್ಟಿ

ಮದುವೆಯಾಗಿ ಹದಿನೈದೇ ದಿನಕ್ಕೆ ನನ್ನವರು ಎಡ್ಮಂಟನ್‌ಗೆ ವಾಪಸ್ ಹೊರಟರು. ನಾನು ನಾಪೋಕ್ಲು ಹತ್ತಿರದ ಮನೆಯಲ್ಲಿ ಉಳಿದೆ. ನನ್ನ ಪಿಆರ್, ಅಂದರೆ ಕೆನಡಾದಲ್ಲಿ ಕಾಯಂ ಆಗಿ ಇರುವ ಅನುಮತಿ, ಬರುವ ಹೊತ್ತಿಗೆ ತೋಟದಲ್ಲಿ ಎರಡು ಕಾಫಿ ಕೊಯ್ಲು ಮುಗಿದಿತ್ತು. ಅದರಲ್ಲಿ ನಾಲ್ಕು ತಿಂಗಳು ಸುಮ್ನೆ ಹಾಳಾಯಿತು. ನಮಗೆ ಫಾರಂ ತುಂಬಿಕೊಟ್ಟ ಏಜೆಂಟ್ ಒಂದು ಸಹಿ ಬಿಟ್ಟಿದ್ದರು, ಫೈಲ್ ಅಪೂರ್ಣ ಅಂತ ವಾಪಸ್ ಬಂತು, ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಲ್ಲಬೇಕಾಯಿತು. ಕೆನಡಾದವರು ತೆಗೆದುಕೊಳ್ಳುವ ಸಮಯವನ್ನು ನಾವು ಕಮ್ಮಿ ಮಾಡಲು ಆಗುವುದಿಲ್ಲ. ಆದರೆ ಫೈಲ್ ವಾಪಸ್ ಬರದ ಹಾಗೆ, ಅಧಿಕಾರಿಗೆ ಅನುಮಾನ ಬರದ ಹಾಗೆ ಮಾಡುವುದು ನಮ್ಮ ಕೈಯಲ್ಲೇ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಹೆಂಡತಿ ಅಲ್ಲಿದ್ದು ಗಂಡ ಇಲ್ಲಿದ್ದರೂ ನಿಯಮ ಒಂದೇ.

ಮೊದಲು ಒಂದು ವಿಷಯ ಕೇಳಿ ಖಚಿತ ಮಾಡಿಕೊಳ್ಳಿ, ಸಾಧ್ಯವಾದರೆ ಮದುವೆ ಮಾತುಕತೆ ನಡೆಯುವಾಗಲೇ. ಹುಡುಗ ಕೆನಡಾದ ಪೌರನಾ, ಪಿಆರ್ ಇದೆಯಾ, ಇಲ್ಲಾ ಬರೀ ವರ್ಕ್ ಪರ್ಮಿಟ್ಟಾ? ಸ್ಪಾನ್ಸರ್ ಮಾಡಲು, ಅಂದರೆ ಹೆಂಡತಿಯನ್ನು ಪಿಆರ್ ಮೇಲೆ ಕರೆಸಿಕೊಳ್ಳಲು, ಆಗುವುದು ಪೌರರಿಗೆ ಮತ್ತು ಪಿಆರ್ ಇರುವವರಿಗೆ ಮಾತ್ರ. ವರ್ಕ್ ಪರ್ಮಿಟ್ ಅಥವಾ ಸ್ಟಡಿ ಪರ್ಮಿಟ್‌ನಲ್ಲಿ ಇರುವವರ ಹೆಂಡತಿಗೆ ಬೇರೆ ದಾರಿ, ಅದು ಓಪನ್ ವರ್ಕ್ ಪರ್ಮಿಟ್, ಅಂದರೆ ಒಂದೇ ಕಂಪನಿಗೆ ಕಟ್ಟುಬೀಳದೆ ಕೆಲಸ ಮಾಡುವ ಅನುಮತಿ. ಅದನ್ನೂ 2025ರ ಜನವರಿಯಿಂದ ಬಹಳ ಬಿಗಿ ಮಾಡಿದ್ದಾರೆ. 'ಕೆನಡಾದಲ್ಲಿ ಸೆಟ್ಲ್ ಆಗಿದ್ದಾನೆ' ಅನ್ನುವ ಮಾತನ್ನು ಮಾತ್ರ ನಂಬಿ ಕೂರಬೇಡಿ, ಪಿಆರ್ ಕಾರ್ಡ್ ಕೇಳಿ ನೋಡಿ. ಕೇಳುವುದರಲ್ಲಿ ಅವಮಾನ ಏನೂ ಇಲ್ಲ. ಇನ್ನೊಂದು, ಪಿಆರ್ ಮಾತ್ರ ಇರುವವರು ಕೆನಡಾದಲ್ಲೇ ವಾಸ ಇದ್ದು ಸ್ಪಾನ್ಸರ್ ಮಾಡಬೇಕು. ಕೊಡಗಿಗೆ ಬಂದು ಇಲ್ಲೇ ವರ್ಷಗಟ್ಟಲೆ ಕೂತು ಅರ್ಜಿ ಹಾಕಲು ಆಗುವುದಿಲ್ಲ.

ಸಂಬಳ ಇಷ್ಟೇ ಇರಬೇಕು ಅಂತ ಹೆಂಡತಿ ವಿಷಯದಲ್ಲಿ ಸಾಮಾನ್ಯವಾಗಿ ನಿಯಮ ಇಲ್ಲ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ ಬೇಕು, ಎರಡನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಆದರೆ ಹೆಂಡತಿ ಪಿಆರ್ ಆದ ದಿನದಿಂದ ಮೂರು ವರ್ಷ ಅವಳ ಖರ್ಚು ನೋಡಿಕೊಳ್ಳುತ್ತೇನೆ ಅಂತ ಗಂಡ ಸರ್ಕಾರಕ್ಕೆ ಬರೆದುಕೊಡಬೇಕು. ಕ್ವಿಬೆಕ್‌ನಲ್ಲಿ ಇರುವವರಿಗೆ ಆ ಪ್ರಾಂತ್ಯದ್ದೇ ಬೇರೆ ಹಂತ ಇದೆ, ಕಾಯುವುದೂ ಜಾಸ್ತಿ.

ಈಗ ಮದುವೆ ಸರ್ಟಿಫಿಕೇಟ್. ಕಲ್ಯಾಣ ಮಂಟಪದ ರಸೀದಿ, ಸಮಾಜದ ಪತ್ರ, ಇವು ಯಾವುದೂ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟೇ ಬೇಕು. ನೆಂಟರ ಮನೆ ಊಟಗಳು ಒಂದು ವಾರ ತಡವಾದರೂ ಪರವಾಗಿಲ್ಲ, ಗಂಡ ವಿಮಾನ ಹತ್ತುವ ಮೊದಲು ಇಬ್ಬರೂ ಸಾಕ್ಷಿಗಳ ಜೊತೆ ಹೋಗಿ ಈ ಕೆಲಸ ಮುಗಿಸಿ. ಮದುವೆ ಕಾಗದ, ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ ಇಟ್ಟುಕೊಂಡು ಹೋಗಿ. 1955ರ ಹಿಂದೂ ವಿವಾಹ ಕಾಯ್ದೆ ಇಬ್ಬರಲ್ಲಿ ಒಬ್ಬರ ಕಡೆಯ ಪದ್ಧತಿಯಂತೆ ನಡೆದ ಮದುವೆಯನ್ನು ಒಪ್ಪುತ್ತದೆ. ಹಾಗಾಗಿ ಹೋಮ ಇಲ್ಲದ, ಪುರೋಹಿತರಿಲ್ಲದ ಕೊಡವ ಮದುವೆ ನೋಂದಣಿಗೆ ಅಡ್ಡಿ ಇಲ್ಲ. ಬೇರೆ ಬೇರೆ ಧರ್ಮದವರಾಗಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗುವುದಾದರೆ 30 ದಿನದ ನೋಟಿಸ್ ಇದೆ, ಮೂರು ವಾರದ ರಜೆಯಲ್ಲಿ ಬಂದು ಇದು ಮುಗಿಯುವುದಿಲ್ಲ. ರಜೆ ಹಾಕುವ ಮೊದಲೇ ಲೆಕ್ಕ ಮಾಡಿ. ಇನ್ನು ವಿಡಿಯೋ ಕಾಲ್‌ನಲ್ಲಿ, ಫೋನಿನಲ್ಲಿ, ಒಬ್ಬರ ಬದಲು ಇನ್ನೊಬ್ಬರು ನಿಂತು ಮಾಡಿದ ಮದುವೆಯನ್ನು ಕೆನಡಾ 2015ರ ಜೂನ್‌ನಿಂದ ಒಪ್ಪುತ್ತಿಲ್ಲ.

ನಮ್ಮ ಜಿಲ್ಲೆಯವರಿಗೆ ನಿಜವಾದ ತಲೆನೋವು ಹೆಸರು. ನಮ್ಮಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ, ಆಮೇಲೆ ನಮ್ಮ ಹೆಸರು, ಆಮೇಲೆ ಅಪ್ಪನ ಹೆಸರು. ಮದುವೆಯಾದ ಮೇಲೆ ಗಂಡನ ಒಕ್ಕದ ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಮೂರನೇ ಥರ. ಇಂಗ್ಲಿಷ್ ಸ್ಪೆಲ್ಲಿಂಗ್ ಅಂತೂ ಕೇಳಲೇ ಬೇಡಿ, ಮುತ್ತಮ್ಮನ ಹೆಸರಿನಲ್ಲಿ ಒಂದು ಕಡೆ ಎರಡು ಟಿ, ಇನ್ನೊಂದು ಕಡೆ ಟಿ ಜೊತೆ ಎಚ್. ನಮಗೆ ಇದೆಲ್ಲ ಒಬ್ಬಳೇ ಮುತ್ತಮ್ಮ ಅಂತ ಗೊತ್ತು. ಒಟ್ಟಾವಾದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಇದಕ್ಕೆ ನಾನು ಹೇಳುವ ದಾರಿ ಹೀಗೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಯಜಮಾನ ಅಂತ ತೀರ್ಮಾನ ಮಾಡಿ. ಮದುವೆ ಸರ್ಟಿಫಿಕೇಟಿನಲ್ಲಿ ಅದೇ ಸ್ಪೆಲ್ಲಿಂಗ್ ಬರಲಿ, ಅಚ್ಚಾಗುವ ಮೊದಲು ಕರಡನ್ನು ಅಕ್ಷರ ಅಕ್ಷರ ನೋಡಿ. ಗಂಡನ ಒಕ್ಕದ ಹೆಸರಿಗೆ ಪಾಸ್‌ಪೋರ್ಟ್ ಬದಲಾಯಿಸಲೇಬೇಕು ಅಂತ ಕಾನೂನು ಇಲ್ಲ, ಪಿಆರ್ ಬರುವ ತನಕ ಅದಕ್ಕೆ ಕೈ ಹಾಕಬೇಡಿ. ಅತ್ತೆ ಮನೆಯಲ್ಲಿ ಯಾರಾದರೂ ಬೇಜಾರು ಮಾಡಿಕೊಂಡರೆ ಗಂಡನೇ ಅವರಿಗೆ ಹೇಳಲಿ. ಆದರೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅದನ್ನು ಮಾತ್ರ ಅರ್ಜಿಗೂ ಮುಂಚೆ ಸರಿಮಾಡಿಸಿಕೊಳ್ಳಿ. ಹಳೆಯ ದಾಖಲೆಗಳಲ್ಲಿರುವ ಬೇರೆ ರೂಪಗಳನ್ನೆಲ್ಲ ಫಾರಂನಲ್ಲಿ 'ಬೇರೆ ಹೆಸರು ಬಳಸಿದ್ದೀರಾ' ಅನ್ನುವ ಕಡೆ ಬರೆಯಿರಿ. ಎಲ್ಲವೂ ಒಬ್ಬಳೇ ವ್ಯಕ್ತಿಯದು ಅಂತ ಒಂದು ನೋಟರಿ ಅಫಿಡವಿಟ್ ಜೊತೆಗಿಡಿ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು, ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ.

ಎರಡನೇ ಕೊಡಗಿನ ವಿಷಯ, ಮದುವೆಯನ್ನು ಅರ್ಥ ಮಾಡಿಸುವುದು. ಭಾರತದ ಮದುವೆ ಅಂದರೆ ಅಗ್ನಿ, ಸಪ್ತಪದಿ, ಪುರೋಹಿತರು ಅಂತಲೇ ಅಧಿಕಾರಿಯ ತಲೆಯಲ್ಲಿ ಇರುತ್ತದೆ. ನಮ್ಮ ಆಲ್ಬಮ್‌ನಲ್ಲಿ ಅದೇನೂ ಸಿಗುವುದಿಲ್ಲ. ಕುಪ್ಯ ಚೇಲೆ (ನಮ್ಮ ಉದ್ದ ಕೋಟು, ನಡುಪಟ್ಟಿ) ತೊಟ್ಟ ಹುಡುಗ, ನಡುವಿನಲ್ಲಿ ಪೀಚೆಕತ್ತಿ, ಬಾಳೆ ಕಡಿಯುವುದು, ಅಕ್ಕಿ ಹಾಕಿ ಹಾಲು ಕುಡಿಸಿ ಹರಸುವ ಹಿರಿಯರು, ಬಾವಿಯಿಂದ ನೀರು ತರುವ ಹುಡುಗಿಯ ದಾರಿಗೆ ಅಡ್ಡ ಕುಣಿಯುವ ನೆಂಟರು. ಹಾಗಾಗಿ ಒಂದೇ ಪುಟದ ಪತ್ರ ಬರೆಯಿರಿ. ಕೊಡವರಲ್ಲಿ ಹಿರಿಯರ ಆಶೀರ್ವಾದವೇ ಮದುವೆ, ಎರಡೂ ಒಕ್ಕಗಳ ಅರುವರು (ಒಕ್ಕದ ಪರವಾಗಿ ನಿಲ್ಲುವವರು) ಸಂಬಂಧ ಕೂಡಿಸುತ್ತಾರೆ, ಗಂಗಾಪೂಜೆ ಅಂದರೆ ಹುಡುಗಿ ಬಾವಿಯಿಂದ ನೀರು ತರುವುದು, ಅಷ್ಟೇ ಸಾಕು. ಪ್ರತಿ ಫೋಟೋ ಕೆಳಗೆ ತಾರೀಕು, ಜಾಗ, ಯಾರು ಯಾರು ಅಂತ ಬರೆಯಿರಿ. 20 ಫೋಟೋ ಸಾಕು, ಆದರೆ ಬರೀ ಮದುವೆ ದಿನದ್ದು ಬೇಡ. ನಿಶ್ಚಿತಾರ್ಥ, ತಲಕಾವೇರಿಗೆ ಹೋಗಿದ್ದು, ತೋಟದಲ್ಲಿ ನಿಂತಿದ್ದು, ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದಿದ್ದು, ಎಲ್ಲ ಸೇರಲಿ.

ಸಂಬಂಧದ ಬಗ್ಗೆ ಐಎಂಎಂ 5532 ಅಂತ ಒಂದು ಫಾರಂ ಇದೆ. ಹೇಗೆ ಪರಿಚಯ, ಯಾರು ನೋಡಿ ಹೇಳಿದರು, ಮೊದಲು ಭೇಟಿ ಆಗಿದ್ದು ಯಾವಾಗ, ಎರಡೂ ಮನೆಯವರು ಬಂದಿದ್ದರಾ, ಎಲ್ಲ ಕೇಳುತ್ತದೆ. ಹಿರಿಯರು ನೋಡಿ ಮಾಡಿದ ಮದುವೆ, ಮೂರು ವಾರದಲ್ಲಿ ಮುಗಿಯಿತು ಅಂದರೆ ಮುಚ್ಚಿಡಬೇಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಗಂಡ ಅಲ್ಲಿಂದ ಒಂದು ಹೇಳಿ ನೀವು ಇಲ್ಲಿಂದ ಇನ್ನೊಂದು ಹೇಳಿದರೆ ಅದೇ ಅನುಮಾನಕ್ಕೆ ಬೀಜ. ಸುಳ್ಳು ಅಂತ ಸಾಬೀತಾದರೆ ಐದು ವರ್ಷ ಕೆನಡಾಕ್ಕೆ ಬಾಗಿಲು ಮುಚ್ಚುತ್ತದೆ. ವಾಟ್ಸ್ಯಾಪ್ ಚಾಟ್ ಸಾವಿರ ಪುಟ ಬೇಡ, ಬೇರೆ ಬೇರೆ ತಿಂಗಳಿನದು ಹತ್ತು ಪುಟ, ಕಾಲ್ ಲಿಸ್ಟ್, ಹಣ ಕಳಿಸಿದ ಬ್ಯಾಂಕ್ ದಾಖಲೆ ಇರಲಿ. ಖಾಸಗಿ ಮಾತು ಕಳಿಸುವ ಅಗತ್ಯ ಇಲ್ಲ.

ಉಳಿದ ಮುಖ್ಯ ಫಾರಂಗಳು ಸ್ಪಾನ್ಸರ್ ಮಾಡುವವರ ಐಎಂಎಂ 1344, ನಿಮ್ಮ ಐಎಂಎಂ 0008, 5669, 5406. ಯಾವ ಕಾಗದ ಬೇಕು ಅನ್ನುವ ಪಟ್ಟಿ ಐಎಂಎಂ 5533. ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋಗಿ, ಇಬ್ಬರೂ ಬೇರೆ ಬೇರೆಯಾಗಿ. ನಮ್ಮ ಬಿಟ್ಟುಹೋದ ಸಹಿ ಹೀಗೆ ಮಾಡಿದ್ದರೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. 5669ರಲ್ಲಿ ಹತ್ತು ವರ್ಷದ ಲೆಕ್ಕ ಕೊಡಬೇಕು, ಒಂದು ತಿಂಗಳೂ ಖಾಲಿ ಬಿಡಬೇಡಿ. ಮನೆಯಲ್ಲಿ ಇದ್ದೆ, ತೋಟ ನೋಡಿಕೊಂಡೆ ಅಂದರೂ ಅದೂ ಒಂದು ಉತ್ತರವೇ.

ಶುಲ್ಕ 2024ರ ಏಪ್ರಿಲ್ 30ರಿಂದ ಒಟ್ಟು 1,205 ಕೆನಡಿಯನ್ ಡಾಲರ್ ಆಯಿತು, ಬೆರಳಚ್ಚಿಗೆ ಇನ್ನೂ 85. ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, ಕಟ್ಟುವ ದಿನ ಸರ್ಕಾರದ ಸೈಟ್‌ನಲ್ಲೇ ನೋಡಿ. ಮೆಡಿಕಲ್, ಓಡಾಟ, ಅನುವಾದದ ಖರ್ಚು ಬೇರೆ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ ಅರ್ಜಿ ಹಾಕಿ ಮೈಸೂರಿನ ಕಡೆ ಹೋಗಿ ಬರಬೇಕು, ಸ್ಥಳೀಯ ಠಾಣೆಯಿಂದ ವಿಚಾರಣೆ ಬರುತ್ತದೆ. ವಿಳಾಸ ತವರಿನದಾ, ಅತ್ತೆ ಮನೆಯದಾ ಅಂತ ಮೊದಲೇ ನಿರ್ಧರಿಸಿ, ಪೊಲೀಸರು ಬಂದಾಗ ಅಲ್ಲೇ ಇರಿ. ದುಬೈಯಲ್ಲೋ ಬೇರೆ ದೇಶದಲ್ಲೋ ಆರು ತಿಂಗಳು ಅಥವಾ ಜಾಸ್ತಿ ಇದ್ದವರು ಅಲ್ಲಿನ ಸರ್ಟಿಫಿಕೇಟೂ ತರಿಸಬೇಕು. ಮೆಡಿಕಲ್ ಅನ್ನು ನಮ್ಮ ಊರಿನ ಡಾಕ್ಟರ್ ಹತ್ತಿರ ಮಾಡಿಸಿದರೆ ಆಗುವುದಿಲ್ಲ, ಕೆನಡಾ ಒಪ್ಪಿದ ಡಾಕ್ಟರ್ ಆಗಬೇಕು, ಬೆಂಗಳೂರಿನಲ್ಲಿ ಇದ್ದಾರೆ. ಬೆರಳಚ್ಚೂ ಅಲ್ಲಿಯ ವೀಸಾ ಕೇಂದ್ರದಲ್ಲಿ ಕೊಡಬಹುದು. ಎರಡಕ್ಕೂ ಪತ್ರ ಬಂದ ಮೇಲೆ ಸಾಮಾನ್ಯವಾಗಿ 30 ದಿನ ಇರುತ್ತದೆ.

ಆ 30 ದಿನ ಜುಲೈ ಆಗಸ್ಟಿನಲ್ಲಿ ಬಿದ್ದರೆ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕರೆಂಟ್ ಹೋದರೆ ಮೂರು ದಿನ ಇಲ್ಲ, ಟವರ್ ಸತ್ತರೆ ಇಮೇಲೇ ಬರುವುದಿಲ್ಲ, ಮರ ಬಿದ್ದು ರಸ್ತೆ ಬಂದ್. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆ ದಾಖಲೆಗಳನ್ನೂ ಕಳೆದುಕೊಂಡವರಿದ್ದಾರೆ. ಹಾಗಾಗಿ ಅರ್ಜಿಯ ಇಮೇಲ್ ಪಾಸ್‌ವರ್ಡ್ ಗಂಡನ ಹತ್ತಿರವೂ ಇರಲಿ, ದಿನಾ ನೋಡುವ ಕೆಲಸ ಅವರದು. ಎಲ್ಲ ಕಾಗದವನ್ನೂ ಸ್ಕ್ಯಾನ್ ಮಾಡಿ ಇಬ್ಬರೂ ಇಟ್ಟುಕೊಳ್ಳಿ. ನಮಗೆ ರೈಲೂ ಇಲ್ಲ, ಬೆಂಗಳೂರಿಗೆ ಹೋಗುವುದಿದ್ದರೆ ಅಪಾಯಿಂಟ್‌ಮೆಂಟಿನ ಹಿಂದಿನ ದಿನವೇ ಹೊರಟು ಅಲ್ಲಿ ಉಳಿಯಿರಿ.

ಇನ್ನು ಕಾಯುವುದು. ಸೈಟಿನಲ್ಲಿ ತೋರಿಸುವ ಸಮಯ ಪೂರ್ಣ ಅರ್ಜಿ ಸಿಕ್ಕ ದಿನದಿಂದ ಲೆಕ್ಕ, ನೀವು ಫಾರಂ ತುಂಬಲು ಶುರು ಮಾಡಿದ ದಿನದಿಂದಲ್ಲ. ಮೊದಲು ಸ್ವೀಕೃತಿ ಪತ್ರ, ಆಮೇಲೆ ಸ್ಪಾನ್ಸರ್ ಅರ್ಹ ಅಂತ ಪತ್ರ, ಮೆಡಿಕಲ್, ಹಿನ್ನೆಲೆ ತಪಾಸಣೆ, ಕೊನೆಗೆ ಪಾಸ್‌ಪೋರ್ಟ್ ಕೇಳುತ್ತಾರೆ. ನಡುವೆ ತಿಂಗಳುಗಟ್ಟಲೆ ಮೌನ. ಅದು ಮಾಮೂಲು, ಹೆದರಬೇಡಿ. ಹೇಳಿದ ಸಮಯ ದಾಟಿದ ಮೇಲೂ ಸುದ್ದಿ ಇಲ್ಲ ಅಂದರೆ ವೆಬ್‌ಫಾರಂನಲ್ಲಿ ಕೇಳಿ. ನಿಮ್ಮ ಒಪ್ಪಿಗೆ ಪತ್ರ ಪಡೆದು ಗಂಡ 5 ಡಾಲರ್ ಕಟ್ಟಿ ಫೈಲಿನ ಒಳಗಿನ ಟಿಪ್ಪಣಿಗಳನ್ನೂ ತರಿಸಬಹುದು, ಎಲ್ಲಿ ಸಿಕ್ಕಿಕೊಂಡಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಕಾಯುವಾಗ ಹೋಗಿ ನೋಡಿ ಬರಲು ವಿಸಿಟರ್ ವೀಸಾ ಕೇಳಬಹುದು. ಪಿಆರ್ ಅರ್ಜಿ ಹಾಕಿದ್ದೀರಿ ಅನ್ನುವ ಕಾರಣಕ್ಕೇ ಕೊಡಬಾರದು ಅಂತಿಲ್ಲ, ಎರಡೂ ಉದ್ದೇಶ ಇರುವುದನ್ನು ಕೆನಡಾ ಕಾನೂನೇ ಒಪ್ಪುತ್ತದೆ. ಆದರೆ ವಾಪಸ್ ಬರುತ್ತೀರಿ ಅಂತ ನಂಬಿಸಲು ಆಸ್ತಿ ತೋರಿಸುವಾಗ ಒಂದು ತೊಡಕು: ಜಮ್ಮಾ ಜಾಗದ (ಒಕ್ಕಕ್ಕೆ ತಲೆಮಾರಿನಿಂದ ಬಂದ ಭೂಮಿಯ) ಆರ್‌ಟಿಸಿ ಹೆಚ್ಚಾಗಿ ಒಕ್ಕದ ಹಿರಿಯರ ಹೆಸರಿನಲ್ಲಿ ಇರುತ್ತದೆ, ನಿಮ್ಮ ಹೆಸರು ಅಲ್ಲಿ ಸಿಗುವುದಿಲ್ಲ. ಅದನ್ನೂ ನಾಲ್ಕು ಸಾಲಲ್ಲಿ ವಿವರಿಸಿ, ಮನೆಯವರ ಪತ್ರ ಇಡಿ.

ನಡುವೆ ಮಗು ಹುಟ್ಟಿದರೆ, ಕೆಲಸ ಅಥವಾ ವಿಳಾಸ ಬದಲಾದರೆ ಕೂಡಲೇ ತಿಳಿಸಿ. ಮಗುವಿನ ವಿಷಯ ಹೇಳದೆ ಪಿಆರ್ ತೆಗೆದುಕೊಂಡರೆ ಮುಂದೆ ಆ ಮಗುವನ್ನೇ ಸ್ಪಾನ್ಸರ್ ಮಾಡಲು ಆಗದೆ ಹೋಗಬಹುದು. ಮತ್ತೆ ದಯವಿಟ್ಟು ಕೆಲಸ ಬಿಟ್ಟು ಸುಮ್ನೆ ಕೂರಬೇಡಿ. ಕೈಲ್‌ಪೊಳ್ದ್ ಹಬ್ಬ ಬಂತು, ಪುತ್ತರಿ ಹಬ್ಬ ಬಂತು, 'ಇನ್ನೂ ಹೋಗಿಲ್ವಾ' ಅಂತ ಕೇಳುವವರು ಇದ್ದೇ ಇರುತ್ತಾರೆ. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಅದೇ ನನ್ನನ್ನು ಉಳಿಸಿತು. ಚಳಿಗಾಲದಲ್ಲಿ ಅವರಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನಾನು ಎದ್ದು ಕಾಫಿ ಕುಡಿಯುವಾಗ ಅವರು ಕೆಲಸ ಮುಗಿಸುತ್ತಿದ್ದರು, ಆ ಅರ್ಧ ಗಂಟೆ ನಮ್ಮದು ಅಂತ ಇಟ್ಟುಕೊಂಡಿದ್ದೆವು.

ಏಜೆಂಟ್ ಬೇಕೇ ಬೇಕು ಅಂತಿಲ್ಲ. ಇಟ್ಟುಕೊಂಡರೆ ಕೆನಡಾದ ವಕೀಲರೋ ಅಲ್ಲಿನ ಇಮಿಗ್ರೇಷನ್ ಕನ್ಸಲ್ಟೆಂಟ್‌ಗಳ ಕಾಲೇಜಿನಲ್ಲಿ ಲೈಸೆನ್ಸ್ ಇರುವವರೋ ಆಗಿರಲಿ, ಹೆಸರನ್ನು ಅವರ ಸೈಟಿನಲ್ಲಿ ಹುಡುಕಿ ನೋಡಿ. 'ಗ್ಯಾರಂಟಿ ಮಾಡಿಸಿಕೊಡುತ್ತೇನೆ' ಅಂದವರಿಂದ ಎದ್ದು ಬನ್ನಿ.

ತಿರಸ್ಕಾರ ಆದರೆ, ಹೊರದೇಶದಿಂದ ಹಾಕಿದ ಅರ್ಜಿಯಲ್ಲಿ ಗಂಡ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹೆಣ್ಣುಮಕ್ಕಳ ಅಪ್ಪ ಅವ್ವ ಇದೊಂದು ತಿಳಿದಿರಲಿ: ಹೋದ ಮೇಲೆ ಗಂಡ ಹಿಂಸೆ ಕೊಟ್ಟರೆ, ಬಿಟ್ಟು ಬಂದರೆ ಪಿಆರ್ ಹೋಗುತ್ತದೆ ಅಂತ ಹೆದರಿಸುತ್ತಾರೆ. ಎರಡು ವರ್ಷ ಒಟ್ಟಿಗೆ ಇರಲೇಬೇಕು ಅನ್ನುವ ಷರತ್ತನ್ನು 2017ರಲ್ಲೇ ತೆಗೆದಿದ್ದಾರೆ. ಮನೆ ಬಿಟ್ಟ ಕಾರಣಕ್ಕೆ ಪಿಆರ್ ಹೋಗುವುದಿಲ್ಲ.

ಪಿಆರ್ ದೃಢೀಕರಣ ಪತ್ರ ಬಂದ ದಿನ ಸಂತೋಷದಲ್ಲಿ ತಾರೀಕು ನೋಡುವುದನ್ನು ಮರೆಯಬೇಡಿ. ಅದರ ಅವಧಿ ಮೆಡಿಕಲ್ ಅಥವಾ ಪಾಸ್‌ಪೋರ್ಟಿನ ಅವಧಿಗೆ ಕಟ್ಟಿರುತ್ತದೆ, ಅಷ್ಟರೊಳಗೆ ಕೆನಡಾದಲ್ಲಿ ಇಳಿಯಬೇಕು. ಪತ್ತಾಕ್, ಜೋಮಾಲೆ, ಕೊಕ್ಕೆತಾತಿಯಂಥ ನಮ್ಮ ಒಡವೆ ಒಯ್ಯುವುದಾದರೆ ಫೋಟೋ ತೆಗೆದು, ಬೆಲೆ ಬರೆಸಿ, ಕಸ್ಟಮ್ಸ್‌ಗೆ ಕೊಡುವ ಸಾಮಾನಿನ ಪಟ್ಟಿಯಲ್ಲಿ ಸೇರಿಸಿ. ಅವ್ವ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಒಣ ಇರಚಿ (ಒಣಗಿಸಿದ ಮಾಂಸ), ಪಂದಿ (ಹಂದಿ) ಉಪ್ಪಿನಕಾಯಿ ಮನೆಯಲ್ಲೇ ಬಿಡಿ. ನಮ್ಮ ಕಾಫಿ ಪುಡಿ ಒಯ್ಯಬಹುದು, ಇಳಿದಾಗ ಡಿಕ್ಲೇರ್ ಮಾಡಿ.