ಕನ್ಸಲ್ಟಿಂಗ್ ಇಂಟರ್‌ವ್ಯೂಗೆ ನಾನು ತಯಾರಾದ ಬಗೆ

ಬೇರೆ ಕಂಪನಿಗಳಿಗೆ ವ್ಯವಹಾರದ ಸಲಹೆ ಕೊಡುವ ಕನ್ಸಲ್ಟಿಂಗ್ ಕಂಪನಿಗಳ ಇಂಟರ್‌ವ್ಯೂನಲ್ಲಿ ಮುಖ್ಯವಾದದ್ದು ಕೇಸ್. ಯಾವುದೋ ಒಂದು ಕಂಪನಿಯ ಸಮಸ್ಯೆ ಹೇಳಿ, ಅದನ್ನು ಸುಮಾರು ಅರ್ಧ ಗಂಟೆಯಲ್ಲಿ ನಾವು ಹೇಗೆ ಬಿಡಿಸುತ್ತೇವೆ ಅಂತ ನೋಡುತ್ತಾರೆ. ಇಂಥ ದೊಡ್ಡ ಕಂಪನಿಗಳಲ್ಲೊಂದಾದ ಮೆಕಿನ್ಸಿಯಲ್ಲಿ ಸಾಮಾನ್ಯವಾಗಿ ಒಂದಾದ ಮೇಲೊಂದು ಪ್ರಶ್ನೆ ಕೇಳಿ ಇಂಟರ್‌ವ್ಯೂ ಮಾಡುವವರೇ ಮುಂದಕ್ಕೆ ಕರೆದೊಯ್ಯುತ್ತಾರೆ. ಅಂಥವೇ ಆದ ಬಿಸಿಜಿ (ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್), ಬೇನ್‌ಗಳಲ್ಲಿ ಹೆಚ್ಚಾಗಿ ನಾವೇ ದಾರಿ ಹುಡುಕಿಕೊಳ್ಳಬೇಕು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಎಂಬಿಎ ಮಾಡಿರಲಿಲ್ಲ. ಕೇಸ್ ಪುಸ್ತಕಗಳನ್ನು ಓದಿದೆ, ಆದರೆ ಅದಕ್ಕಿಂತ ಜಾಸ್ತಿ ಕೈ ಹಿಡಿದದ್ದು ಬಾಯಿಬಿಟ್ಟು ಯೋಚಿಸುವ ಅಭ್ಯಾಸ. ಆಫೀಸ್ ಮುಗಿಸಿ ರಾತ್ರಿ ಗೆಳತಿಯೊಬ್ಬಳ ಜೊತೆ ಫೋನಿನಲ್ಲಿ ಕೇಸ್ ಮಾಡುತ್ತಿದ್ದೆ. ಅವಳದು ಒಂದೇ ಷರತ್ತು. ಯಾವ ಸಂಖ್ಯೆ ಬಂದರೂ ಅಲ್ಲಿಗೇ ನಿಲ್ಲಿಸಬಾರದು, ಅದರಿಂದ ಏನು ಗೊತ್ತಾಯ್ತು ಅಂತಲೂ ಹೇಳಬೇಕು. ಇಡೀ ತಯಾರಿಯಲ್ಲಿ ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಬೆಂಗಳೂರಿನ ದರ್ಶಿನಿಗಳಲ್ಲಿ ಬೆಳಗ್ಗೆ ಎಷ್ಟು ಪ್ಲೇಟ್ ಇಡ್ಲಿ ಹೋಗುತ್ತದೆ? ಇಂಥ ಅಂದಾಜಿನ ಪ್ರಶ್ನೆಗಳನ್ನು ನಾವೇ ಹುಟ್ಟಿಸಿಕೊಳ್ಳುತ್ತಿದ್ದೆವು. ಜನಸಂಖ್ಯೆ 1.2 ಕೋಟಿ ಅಂತ ಇಟ್ಟುಕೊಳ್ಳಿ. ದುಡಿಯುವವರು 40%, ಅಂದ್ರೆ 48 ಲಕ್ಷ. ಅವರಲ್ಲಿ ನಾಲ್ಕರಲ್ಲೊಬ್ಬರು ಹೊರಗೆ ತಿಂಡಿ ತಿಂದರೆ 12 ಲಕ್ಷ. ಅದರಲ್ಲಿ ಅರ್ಧ ಜನ ದರ್ಶಿನಿಗೆ, ಅವರಲ್ಲಿ ಅರ್ಧ ಜನ ಇಡ್ಲಿಗೆ. 3 ಲಕ್ಷ ಪ್ಲೇಟ್ ಆಯ್ತು. ಈಗ ಅಂಗಡಿ ಕಡೆಯಿಂದ ನೋಡಿ: ನಿಮಿಷಕ್ಕೆ ಒಂದು ಪ್ಲೇಟಿನಂತೆ 3 ಗಂಟೆಗೆ 180. ಹಾಗಾದರೆ ಊರಲ್ಲಿ ಸುಮಾರು 1,700 ದರ್ಶಿನಿ ಇರಬೇಕು. ನಂಬೋ ಹಾಗಿದೆ ಅಲ್ವಾ? ಹೀಗೆ ಎರಡನೇ ಕಡೆಯಿಂದ ತಾಳೆ ನೋಡುವುದನ್ನು ಬಿಡಲೇಬೇಡಿ. ಇನ್ನೊಂದು, ಲೆಕ್ಕವನ್ನು ಲಕ್ಷ-ಕೋಟಿಯಲ್ಲೇ ಮಾಡಿ, ಕೇಳುವವರು ಹೊರದೇಶದವರಾದರೆ ಕೊನೆಯಲ್ಲಿ ಮಿಲಿಯನ್‌ಗೆ ತಿರುಗಿಸಿ (10 ಲಕ್ಷಕ್ಕೆ ಒಂದು ಮಿಲಿಯನ್). ನಡುವೆ ತಿರುಗಿಸಲು ಹೋದರೆ ಸೊನ್ನೆ ತಪ್ಪುತ್ತದೆ.

ನನಗೆ ಬಂದ ಒಂದು ಕೇಸ್ ಸ್ಲೀಪರ್ ಬಸ್ ಓಡಿಸುವ ಖಾಸಗಿ ಕಂಪನಿಯದು. ಲಾಭ ಇಳಿಯುತ್ತಿದೆ, ಯಾಕೆ? ಒಂದು ನಿಮಿಷ ಸಮಯ ಕೇಳಿ ಹಾಳೆಯಲ್ಲಿ ಆದಾಯ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದುಕೊಂಡೆ. ಡೀಸೆಲ್, ಡ್ರೈವರ್ ಸಂಬಳ, ಟೋಲ್, ಟ್ಯಾಕ್ಸ್, ಬುಕಿಂಗ್ ಆ್ಯಪ್‌ಗಳ ಕಮಿಷನ್. ಖರ್ಚು ಹೆಚ್ಚೇನೂ ಬದಲಾಗಿಲ್ಲ ಅಂದರು. ಹಾಗಾದರೆ ಸೀಟು ತುಂಬುತ್ತಿದೆಯಾ ಅಂತ ಕೇಳಿದೆ. ಟ್ರಿಪ್ಪಿಗೆ ಖರ್ಚು 20,000, ಟಿಕೆಟ್ 800, ಬರ್ತ್ 36 ಅಂತ ಕೊಟ್ಟರು. 25 ಬರ್ತ್ ತುಂಬಿದರೆ ಮಾತ್ರ ಅಸಲು. ವಾರದ ನಡುವೆ ತುಂಬುತ್ತಿದ್ದದ್ದು 20. ಅಲ್ಲಿಗೆ ಸುಮ್ಮನಾಗದೆ, 'ಶುಕ್ರವಾರ, ಭಾನುವಾರದ ದುಡಿಮೆಯನ್ನು ಮಂಗಳವಾರ, ಬುಧವಾರದ ಟ್ರಿಪ್ಪುಗಳು ತಿಂದುಹಾಕುತ್ತಿವೆ, ಆ ದಿನ ಎರಡು ಬಸ್ಸಿನ ಬದಲು ಒಂದೇ ಬಿಡಬಹುದಾ ನೋಡೋಣ' ಅಂದೆ. ಅಲ್ಲಿಂದ ಮಾತು ಪರೀಕ್ಷೆ ಥರ ಇರಲಿಲ್ಲ, ಇಬ್ಬರೂ ಸೇರಿ ಆ ಕಂಪನಿಯ ಲೆಕ್ಕ ನೋಡಿದ ಹಾಗಿತ್ತು.

ಕೇಸ್ ಜೊತೆಗೆ ನಮ್ಮ ಅನುಭವದ ಪ್ರಶ್ನೆಗಳೂ ಇರುತ್ತವೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಪ್ಪದವರನ್ನು ಹೇಗೆ ಒಪ್ಪಿಸಿದಿರಿ ಅಂತ ಶುರುವಾಗುತ್ತದೆ. ಆಮೇಲೆ ಅವರು ಏನಂದ್ರು, ಆಗ ನೀವೇನಂದ್ರಿ, ಯಾಕೆ ಹಾಗೇ ಹೇಳಿದ್ರಿ ಅಂತ ಕೆದಕುತ್ತಲೇ ಹೋಗುತ್ತಾರೆ. ನಿಜವಾಗಿ ನಡೆದದ್ದನ್ನೇ ಹೇಳಿದರೆ ಎಷ್ಟು ಕೆದಕಿದರೂ ಉತ್ತರ ಇರುತ್ತದೆ. 'ನಮ್ಮ ಟೀಮ್ ಮಾಡಿತು' ಅಂದರೆ ಸಾಲದು, ಅದರಲ್ಲಿ ನಿಮ್ಮ ಪಾಲು ಯಾವುದು ಅಂತ ಬಿಡಿಸಿ ಹೇಳಬೇಕು.

ಕೊನೆಯ ರೌಂಡಿನಲ್ಲಿ ನನ್ನ ಎದುರು ಕೂತವರು ಕಂಪನಿಯ ಹಿರಿಯ ಪಾಲುದಾರರು, ಅಂದರೆ ಪಾರ್ಟ್‌ನರ್. ಅವರು ತಾವೇ ಮಾಡಿದ್ದ ಕೆಲಸದ ಸಮಸ್ಯೆಯನ್ನು ಚಾರ್ಟು, ಅಂಕಿಅಂಶ ಏನೂ ಇಲ್ಲದೆ ಬಾಯಿಮಾತಿನಲ್ಲೇ ಹೇಳಿದರು. ಹಾಳೆ-ಪೆನ್ನು ಬದಿಗಿಟ್ಟು, ಸುಮ್ನೆ ಮಾತಾಡುತ್ತಲೇ ಬಿಡಿಸುವ ಕೇಸ್‌ಗಳನ್ನೂ ಒಂದಷ್ಟು ಅಭ್ಯಾಸ ಮಾಡಿಕೊಂಡು ಹೋಗಿ.