ಅಂಗನವಾಡಿಗೆ ಕುಂಬಾರಜ್ಜ ಬರುವ ದಿನ

ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳವಿದೆ. 1975ರ ಅಕ್ಟೋಬರ್ 2ರಂದು ಆರಂಭವಾಗಿ, ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ ನೆಲೆಯೂರಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಈ ಕೇಂದ್ರಗಳಿಗೆ ಊರಿನ ಕಸುಬುದಾರರು ಬಂದು ಕೂರುವುದು ಹೆಸರಿಗೂ ಒಪ್ಪುವ ಸಂಗತಿ. ಆದರೆ ಅತಿಥಿ ಬಂದು, ಭಾಷಣ ಮಾಡಿ, ಚಹಾ ಕುಡಿದು ಹೋದರೆ ಮೂರು ವರ್ಷದ ಮಗುವಿಗೆ ಏನೂ ದಕ್ಕುವುದಿಲ್ಲ. ಕುಂಬಾರರೊಬ್ಬರನ್ನು ಕರೆಯುವ ಸಂದರ್ಭವನ್ನೇ ಇಟ್ಟುಕೊಂಡು ಕ್ರಮವನ್ನು ನೋಡೋಣ.

ಮೊದಲು ಆಯ್ಕೆ. ದೊಡ್ಡ ಹುದ್ದೆಯವರನ್ನು ಹುಡುಕುವ ಅಗತ್ಯವಿಲ್ಲ. ಕೈಯಲ್ಲಿ ಕೆಲಸವಿರುವವರು ಬೇಕು. ಹೂ ಕಟ್ಟುವವರು, ಅಂಚೆಯಣ್ಣ, ಬಟ್ಟೆ ಹೊಲಿಯುವವರು, ರೊಟ್ಟಿ ತಟ್ಟುವ ಅಜ್ಜಿ, ಯಾರಾದರೂ ಆಗಬಹುದು. ಪೋಷಕರೂ ಇರುವ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಕೇಳಿದರೆ ಮಕ್ಕಳ ಮನೆಗಳಿಂದಲೇ ನಾಲ್ಕೈದು ಹೆಸರುಗಳು ಸಿಗುತ್ತವೆ.

ಎರಡು ದಿನ ಮುಂಚೆ ಟೀಚರ್ ಅತಿಥಿಯ ಮನೆಗೆ ಹೋಗಿ ಮಾತಾಡಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಕೆಡುತ್ತದೆ ಎಂಬುದು ನನ್ನ ಅನುಭವ. 'ಅಜ್ಜ, ನೀವು ಹೆಚ್ಚು ಮಾತಾಡಬೇಕಿಲ್ಲ, ಕೆಲಸ ಮಾಡಿ ತೋರಿಸಿದರೆ ಸಾಕು. ಮಕ್ಕಳು ಮುಟ್ಟುತ್ತಾರೆ, ಒಂದೆರಡು ಮಡಕೆ ಹಾಳಾಗಬಹುದು' ಎಂದು ಮೊದಲೇ ಹೇಳಿದರೆ ಅವರ ಅಳುಕೂ ಹೋಗುತ್ತದೆ. ಇಪ್ಪತ್ತು ನಿಮಿಷ ಸಾಕು. ಅವರ ಅರ್ಧ ದಿನದ ದುಡಿಮೆ ತಪ್ಪುವುದಾದರೆ ಅದಕ್ಕೆ ತಕ್ಕ ಗೌರವಧನವನ್ನು ಸಮಿತಿ ಹೊಂದಿಸುವುದು ನ್ಯಾಯ.

ಹಿಂದಿನ ದಿನ ಮಕ್ಕಳನ್ನು ಅಣಿಗೊಳಿಸಿ. ಒಂದು ಬುಟ್ಟಿ ಮಣ್ಣು, ಒಂದು ಹಣತೆ ಎರಡನ್ನೂ ನಡುವೆ ಇಟ್ಟು, 'ಇದು ಅದಾಗಿದ್ದು ಹೇಗೆ?' ಎಂದು ಕೇಳಿ, ಉತ್ತರ ಹೇಳಿಕೊಡಬೇಡಿ. ಮಕ್ಕಳು ಹೇಳಿದ್ದನ್ನು ಗೋಡೆಯ ಹಾಳೆಯ ಮೇಲೆ ಅವರ ಮಾತಿನಲ್ಲೇ ಬರೆದಿಡಿ.

ಅತಿಥಿ ಬಂದ ದಿನ ಮಕ್ಕಳನ್ನು ಸಾಲಾಗಿ ಕೂರಿಸದೆ, ಕುಂಬಾರರ ಚಕ್ರವಾದ ತಿಗರಿಯ ಸುತ್ತ ಅರ್ಧವೃತ್ತದಲ್ಲಿ, ಎಲ್ಲರಿಗೂ ಕೈ ಕಾಣುವಂತೆ ಕೂರಿಸಬೇಕು. ನಾನು ನೋಡಿದ ಒಂದು ಕೇಂದ್ರದಲ್ಲಿ ಅಜ್ಜ ತಿರುಗುವ ಮಣ್ಣಿನ ಮುದ್ದೆಯ ನಡುವೆ ಹೆಬ್ಬೆರಳು ಒತ್ತಿದಾಗ ಗುಂಡಿ ಬಿದ್ದು, ಗೋಡೆ ಮೇಲೆದ್ದು, ಕುಡಿಕೆಯಾಯಿತು. ಆತ ಒದ್ದೆ ದಾರದಿಂದ ಅದನ್ನು ತಳದಿಂದ ಕತ್ತರಿಸಿ ಎತ್ತುವವರೆಗೂ ಸದಾ ಗಲಾಟೆ ಮಾಡುವ ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಆಮೇಲೆ ಒಬ್ಬಳು ಹುಡುಗಿ ಕೇಳಿದಳು: 'ಅಜ್ಜ, ಇದನ್ನ ನೀರಿಗೆ ಹಾಕಿದ್ರೆ ಮತ್ತೆ ಮಣ್ಣಾಗುತ್ತಾ?' ಇಂಥ ಪ್ರಶ್ನೆಗೆ ಟೀಚರ್ ಅವಸರದಿಂದ ಉತ್ತರಿಸಬಾರದು. ಅಂದು ಟೀಚರ್ ಅದನ್ನು ಹಾಳೆಯ ಮೇಲೆ ಬರೆದುಕೊಂಡರು, ಅಷ್ಟೇ. ನಂತರ ಪ್ರತಿ ಮಗುವಿಗೂ ನಿಂಬೆಹಣ್ಣಿನಷ್ಟು ಹಸಿ ಮಣ್ಣು ಸಿಗಬೇಕು. ಮಣ್ಣು ಮುಟ್ಟಲು ಹಿಂಜರಿಯುವ ಮಗುವನ್ನು ಒತ್ತಾಯಿಸಬೇಡಿ, ನೋಡುತ್ತಲೇ ಕಲಿಯಲಿ.

ಸುರಕ್ಷತೆಯಲ್ಲಿ ರಾಜಿ ಬೇಡ. ಅತಿಥಿ ಎಷ್ಟೇ ಪರಿಚಿತರಾಗಿರಲಿ, ಟೀಚರ್ ಅಥವಾ ಸಹಾಯಕಿ ಇಲ್ಲದೆ ಮಕ್ಕಳೊಡನೆ ಒಂಟಿಯಾಗಿ ಇರುವಂತಿಲ್ಲ. ಮಕ್ಕಳ ಫೋಟೊ ತೆಗೆದು ಹಂಚುವ ಮೊದಲು ಪೋಷಕರ ಒಪ್ಪಿಗೆ ಬೇಕು.

ನಿಜವಾದ ಕಲಿಕೆ ಅತಿಥಿ ಹೋದ ಮೇಲಿನ ದಿನಗಳಲ್ಲಿದೆ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟದ ಮೂಲಕ ಕಲಿಕೆಗೆ ಕೊಡುವ ಒತ್ತು ಇಲ್ಲಿ ತಾನಾಗಿಯೇ ಸಾರ್ಥಕವಾಗುತ್ತದೆ. ಹಸಿ ಕುಡಿಕೆಯನ್ನು ತಕ್ಕಡಿಯಲ್ಲಿ ತೂಗಿ, ನೆರಳಿನಲ್ಲಿ ಒಣಗಿಸಿ ಮತ್ತೆ ತೂಗಿದರೆ ಭಾರ ಇಳಿದಿರುತ್ತದೆ. ನೀರು ಎಲ್ಲಿ ಹೋಯಿತು ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ಅಗೆಯುವುದು, ತುಳಿಯುವುದು, ತಿರುಗಿಸುವುದು, ಸುಡುವುದು, ಇವುಗಳ ಚಿತ್ರಗಳನ್ನು ಕಲಸಿ ಕೊಟ್ಟು ಮಕ್ಕಳೇ ಕ್ರಮವಾಗಿ ಜೋಡಿಸಲು ಬಿಡಿ.

ಸಾಧ್ಯವಾದರೆ ಅದೇ ಅತಿಥಿಯನ್ನು ಆವಿಗೆಯಲ್ಲಿ ಸುಟ್ಟ ಮಡಕೆಗಳೊಂದಿಗೆ ಮತ್ತೊಮ್ಮೆ ಕರೆಯಿರಿ. ಆ ಕೇಂದ್ರದಲ್ಲಿ ಅಜ್ಜ ಎರಡನೇ ಸಲ ಬಂದಾಗ, ಒಣಗಿದ ಹಸಿ ಕುಡಿಕೆಯೊಂದನ್ನೂ ಸುಟ್ಟ ಕುಡಿಕೆಯೊಂದನ್ನೂ ಎರಡು ಬೋಗುಣಿ ನೀರಿನಲ್ಲಿ ಇಟ್ಟರು. ಹಸಿಯದು ಅಂಚಿನಿಂದ ಕರಗಿ ಕೆಸರಾಗತೊಡಗಿತು. ಸುಟ್ಟದ್ದು ಹಾಗೇ ಇತ್ತು. ಹಿಂದೆ ಪ್ರಶ್ನೆ ಕೇಳಿದ್ದ ಹುಡುಗಿ ನೀರಿಗೆ ಕೈಹಾಕಿ, ಕರಗಿದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಅಜ್ಜನ ಕೈಯಲ್ಲೇ ಇಟ್ಟಳು.