ಗಿಡದ ಹೆಸರು ಕೊನೆಗೆ: ಪುಣೆಯಲ್ಲಿ ನಾನು ಗಿಡ ಆರಿಸುವ ಬಗೆ

ಪುಣೆಯಲ್ಲಿ ಹೌಸಿಂಗ್ ಸೊಸೈಟಿಗಳಿಗೆ, ಶಾಲೆಗಳಿಗೆ ತೋಟದ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಕಾಲೇಜಿನಲ್ಲಿ ಗಿಡಗಳ ಪಾಠ ಅಂದರೆ ಹೆಸರುಗಳ ಉದ್ದ ಪಟ್ಟಿ. ಬಾಯಿಪಾಠ ಮಾಡಿ ಪಾಸಾದೆ. ಆದರೆ ಖಾಲಿ ಡ್ರಾಯಿಂಗ್ ಮುಂದೆ ಕೂತರೆ ಆ ಪಟ್ಟಿ ಬಾಯಿ ಬಿಡುವುದಿಲ್ಲ. ಹಾಗಾಗಿ ಈಗ ಹೆಸರನ್ನು ಕೊನೆಗೆ ಬರೆಯುತ್ತೇನೆ.

ಮೊದಲು ಬರೆಯುವುದು ಕೆಲಸ. ಇಲ್ಲಿ ನೆರಳು ಬೇಕು, ಇಲ್ಲಿ ಪಕ್ಕದ ಕಟ್ಟಡ ಕಾಣಬಾರದು, ಇಲ್ಲಿ ಸುಮ್ನೆ ನೆಲ ಮುಚ್ಚಿದರೆ ಸಾಕು. ಆಮೇಲೆ ಅಳತೆ. ಪ್ಲಾನಿನಲ್ಲಿ ಮರದ ವೃತ್ತವನ್ನು ಅದು ಬೆಳೆದ ಮೇಲಿನ ಹರವಿಗೆ ಎಳೆಯಬೇಕು, ಸಸಿಯ ಹರವಿಗಲ್ಲ. ಮಳೆ ಮರಕ್ಕೆ 20 ಮೀಟರ್ ವೃತ್ತ ಎಳೆದು ನೋಡಿ. ಸಣ್ಣ ಸೈಟಾದರೆ ಅಲ್ಲಿಗೇ ಮುಗಿಯಿತು.

ಮರದ ಗುಣ ಮಾತ್ರ ಓಡಾಡಿಯೇ ಕಲಿಯಬೇಕು. ರೇಸ್ ಕೋರ್ಸ್ ಹತ್ತಿರದ ಎಂಪ್ರೆಸ್ ಗಾರ್ಡನ್ನಿಗೆ ಬೇಸಿಗೆ, ಮಳೆ, ಚಳಿ ಮೂರರಲ್ಲೂ ಹೋಗಿ ಅದೇ ಮರಗಳನ್ನೇ ನೋಡುತ್ತಿದ್ದೆ. ಹೊಂಗೆ ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸುತ್ತದೆ, ಆದರೆ ಬೇಗನೆ ಚಿಗುರುತ್ತದೆ. ಏಪ್ರಿಲ್ ಬಿಸಿಲಿಗೆ ನೆರಳು ರೆಡಿ. ಹಾಗಾಗಿ ಕಟ್ಟಡದ ಪಶ್ಚಿಮಕ್ಕೆ ನನ್ನ ಮೊದಲ ಆಯ್ಕೆ ಅದೇ. ಮುತ್ತುಗ ಹೂ ಬಿಡುವಾಗ ಮರ ಬೋಳು. ನೋಡಲು ಚಂದ, ಅದರ ಕೆಳಗೆ ಬೆಂಚು ಹಾಕಿದರೆ ಕೂರುವವರಿಲ್ಲ. ಗುಲ್‌ಮೊಹರಿನ ಕೊಂಬೆ ಮಳೆಗಾಳಿಗೆ ಮುರಿಯುತ್ತದೆ, ಬೇರು ನೆಲಹಾಸನ್ನು ಎತ್ತುತ್ತದೆ. ಪಾರ್ಕಿಂಗ್ ಪಕ್ಕ ನಾನು ಹಾಕುವುದಿಲ್ಲ. ಸಪ್ತಪರ್ಣಿಯ ವಾಸನೆ ನನಗಿಷ್ಟ. ಆದರೆ ಅಕ್ಟೋಬರಿನ ರಾತ್ರಿ ಅದು ಮಲಗುವ ಕೋಣೆಗೆ ನುಗ್ಗಿದರೆ ತಲೆನೋವು ಅನ್ನುವವರೇ ಜಾಸ್ತಿ. ಶಾಲೆಯಾದರೆ ಕಣಗಿಲೆಯ ಮಾತೇ ಇಲ್ಲ, ಗಿಡವಿಡೀ ವಿಷ.

ಇನ್ನು ನೆಲ. ಪುಣೆಯಲ್ಲಿ ಎಷ್ಟೋ ಕಡೆ ಒಂದಡಿ ಮಣ್ಣು ತೆಗೆದರೆ ಮುರುಮು, ಅಂದರೆ ಪುಡಿಯಾದ ಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಕರಿಕಲ್ಲು. ಬಾಣೇರ್ ಕಡೆಯ ಒಂದು ಸೈಟಿನಲ್ಲಿ ಗುಂಡಿ ತೋಡಿಸಿ ಸಂಜೆ ನೀರು ತುಂಬಿಸಿದ್ದೆವು. ಬೆಳಿಗ್ಗೆ ನಮ್ಮ ಇಂಡಿ ಕಡೆಯ ಮಾಲಿ ಕರೆದು ತೋರಿಸಿದರು: "ಅಕ್ಕಾರ, ಇದು ತೆಗ್ಗಲ್ರಿ, ಹಂಡೆ ಆಗೇತಿ ನೋಡ್ರಿ." ನೀರು ಒಂದಿಷ್ಟೂ ಇಳಿದಿರಲಿಲ್ಲ. ಇಂಥ ಕಡೆ ಬೇಸಿಗೆಗಿಂತ ಮಳೆಗಾಲದಲ್ಲೇ ಬೇರು ಕೊಳೆತು ಸಸಿ ಸಾಯುತ್ತದೆ. ಗುಂಡಿಯ ತಳವನ್ನು ಒಂದು ಬದಿಗೆ ಒಡೆಸಿ ನೀರಿಗೆ ದಾರಿ ಮಾಡಿದೆವು, ಮಣ್ಣನ್ನು ನೆಲಮಟ್ಟಕ್ಕಿಂತ ಸ್ವಲ್ಪ ಏರಿಸಿದೆವು. ನಿಂತ ನೀರನ್ನು ತಾಳಿಕೊಳ್ಳುವ ಹೊಳೆದಾಸವಾಳ ಅಲ್ಲಿಗೆ ಹೊಂದಿತು. ಮಹಾರಾಷ್ಟ್ರದ ರಾಜ್ಯಪುಷ್ಪ ಅದೇ, ಸೊಸೈಟಿಯವರನ್ನು ಒಪ್ಪಿಸಲು ಅದೂ ಉಪಯೋಗಕ್ಕೆ ಬಂತು ಅನ್ನಿ.

ಪಾರ್ಕಿಂಗ್ ಛಾವಣಿಯ ಮೇಲಿನ ಪೋಡಿಯಂ ತೋಟದಲ್ಲಿ ಲೆಕ್ಕವೇ ಬೇರೆ. ಒದ್ದೆ ಮಣ್ಣು ಒಂದು ಘನ ಮೀಟರಿಗೆ ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಎಷ್ಟು ಆಳ ಮಣ್ಣು ತುಂಬಬಹುದು ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹೇಳುವವರೆಗೆ ನಾನು ಗಿಡದ ಮಾತೆತ್ತುವುದಿಲ್ಲ. ಪೊದೆಗಿಡಕ್ಕೆ ಅರ್ಧ ಮೀಟರ್ ಸಾಕು, ಸಣ್ಣ ಮರಕ್ಕೆ ಒಂದು ಮೀಟರಾದರೂ ಬೇಕು. ದೇವಗಣಗಿಲೆ ಅಲ್ಲಿ ಚೆನ್ನಾಗಿ ಒಗ್ಗುತ್ತದೆ.

ಮುಂಬೈ ತೋಟಗಳ ಫೋಟೋ ತೋರಿಸಿ "ಹೀಗೇ ಬೇಕು" ಅನ್ನುವವರೂ ಇದ್ದಾರೆ. ಅಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ, ಗಾಳಿಯಲ್ಲೂ ತೇವ. ನಮ್ಮದು 700ರ ಆಸುಪಾಸು, ಅದೂ ಹೆಚ್ಚಾಗಿ ನಾಲ್ಕು ತಿಂಗಳಲ್ಲಿ. ಮಿಕ್ಕ ತಿಂಗಳು ಟ್ಯಾಂಕರ್ ತರಿಸುವವರು ಯಾರು ಅಂತ ಕೇಳುತ್ತೇನೆ. ಹುಲ್ಲುಹಾಸು ಅಲ್ಲೇ ಅರ್ಧ ಆಗುತ್ತದೆ!

ಕೊನೆಗೆ ನರ್ಸರಿ. ಸೋಲಾಪುರ ರಸ್ತೆಯ ಉರುಳಿ ಕಾಂಚನ್ ಕಡೆ ಸಾಲು ಸಾಲು ನರ್ಸರಿಗಳಿವೆ. ಫೋನಿನಲ್ಲಿ ಆರ್ಡರ್ ಮಾಡದೆ ನಾನೇ ಹೋಗುತ್ತೇನೆ. ಎತ್ತರಕ್ಕೆ ಮರುಳಾಗದೆ ಬುಡ ನೋಡುತ್ತೇನೆ. ಚೀಲದೊಳಗೆ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬೇಡ, ಮುಂದೆ ಅದೇ ಬೇರು ಮರದ ಕುತ್ತಿಗೆ ಹಿಸುಕುತ್ತದೆ. ಆಸರೆಯ ಕೋಲು ಬಿಚ್ಚಿದಾಗ ಕಾಂಡ ಬಾಗಿದರೆ ಅದೂ ಬೇಡ. ಒಪ್ಪಿದ ಸಸಿಗಳಿಗೆ ಬಣ್ಣದ ದಾರ ಕಟ್ಟಿ ಬರುತ್ತೇನೆ. ಲಾರಿಯಲ್ಲಿ ದಾರವಿಲ್ಲದ ಸಸಿ ಬಂದರೆ ಅದೇ ಲಾರಿಯಲ್ಲಿ ವಾಪಸ್.